ಲೇಬಲ್ ಕಿತ್ತು ಹೊಲಿದವಳು

ಸೂಜಿ ಅಕ್ಕನನ್ನು ಎದುರು ಹಾಕಿಕೊಂಡು ನೆಮ್ಮದಿಯಾಗಿ ಬದುಕಿದವರು ಯಾರಾದರೂ ಇದ್ದರೆ, ಅವರ ಸರದಿ ಇನ್ನೂ ಬಂದಿಲ್ಲ ಎಂದಷ್ಟೇ ಅರ್ಥ. ಜಗಳಗಂಟಿಯಲ್ಲ ಅವಳು. ಜಗಳಗಂಟಿಯರಾದರೆ ವಾಸಿ, ಕೂಗಾಡಿ ಸುಮ್ಮನಾಗುತ್ತಾರೆ. ಇವಳು ಮೊದಲು ಸುಮ್ಮನಾಗಿ ಆಮೇಲೆ ಶುರು ಮಾಡುವವಳು.

ಹದಿನಾರನೇ ವಯಸ್ಸಿಗೆ ಹೊಲಿಗೆ ಶಾಲೆ ಸೇರಿದಾಗ ಅಲ್ಲಿನ ಟೀಚರಮ್ಮ ಇವಳ ಮೊದಲ ಕಾಜಾವನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಇದು ಕಾಜಾನೋ, ಇಲಿ ಕಡಿದ ತೂತೋ?" ಎಂದು ನಗಾಡಿದ್ದಳು. ಎಲ್ಲರೂ ನಕ್ಕರು. ಇವಳೂ ನಕ್ಕಳು. ಆರು ವರ್ಷ ಕಳೆಯಿತು. ಇವಳ ಕೈಗುಣ ನಾಲ್ಕು ಬೀದಿಗೆ ಗೊತ್ತಾದ ಮೇಲೆ ಅದೇ ಟೀಚರಮ್ಮ ಚಳಿಗಾಲಕ್ಕೊಂದು ಉದ್ದನೆಯ ಕೋಟು ಬೇಕೆಂದು ಬಂದಳು. ಕೋಟು ಎಂಥಾ ಕೋಟು ಅಂತೀರಿ! ಭುಜ ಕೂತಿದ್ದೇನು, ಕಾಲರು ನಿಂತಿದ್ದೇನು! ಹನ್ನೆರಡು ಗುಂಡಿ, ಹನ್ನೆರಡು ಕಾಜಾ. ಪ್ರತಿ ಕಾಜಾವೂ ಗುಂಡಿಗಿಂತ ಕೂದಲೆಳೆಯಷ್ಟು ಚಿಕ್ಕದು, ಅಷ್ಟೇ. ಗುಂಡಿ ಹೋಗುತ್ತಿತ್ತು, ಆದರೆ ಬೆವರಿಳಿಸಿ ಹೋಗುತ್ತಿತ್ತು. ಟೀಚರಮ್ಮ ಆ ಕೋಟನ್ನು ಎಷ್ಟು ಚಳಿಗಾಲ ಹಾಕಿದಳೋ, ಅಷ್ಟೂ ಚಳಿಗಾಲದ ಬೆಳಗ್ಗೆ ಉಗುರು ಮುರಿದುಕೊಂಡಳು, ಯಾಕೆಂದು ಮಾತ್ರ ತಿಳಿಯಲಿಲ್ಲ. ಇದನ್ನು ಸೂಜಿ ಅಕ್ಕ ಗಂಡನಿಗೆ ಹೇಳಿದ್ದು ಮದುವೆಯಾದ ಮೂರನೇ ವಾರ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, "ನಿನ್ನ ಜೊತೆ ನಾನು ಹುಷಾರಾಗಿರ್ಬೇಕು ಕಣೇ" ಅಂದ.

ಗಂಡ ಅಗ್ನಿಶಾಮಕ ಠಾಣೆಯವನು. ಬೆಂಕಿ ಬಿದ್ದ ಕಡೆ ಏಣಿಯ ಮೊದಲ ಮೆಟ್ಟಿಲಿಗೆ ಯಾವಾಗಲೂ ಅವನ ಕಾಲೇ ಬೀಳುತ್ತಿದ್ದುದರಿಂದ ಜೊತೆಯವರು ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಅವನ ಬೆನ್ನಿಗೇ ಅವನ ತಮ್ಮನೂ ಅದೇ ಠಾಣೆ ಸೇರಿದ. ಮೂರನೆಯವಳಾಗಿ ಇವಳು. ನೀರಿನ ಪೈಪುಗಳನ್ನು ನೇತುಹಾಕಿ ಒಣಗಿಸುವ ಗೋಪುರದ ಬುಡದಲ್ಲಿ ಒಂದು ಕೋಣೆ, ಎರಡು ಮಷಿನ್ನು, ಬಾಗಿಲಿನಷ್ಟು ಅಗಲದ ಮೇಜು, ಗೋಡೆಯುದ್ದಕ್ಕೂ ಕೋಟು ನೇತುಹಾಕುವ ಕೊಕ್ಕೆ. ಹರಿದ ತೋಳು, ಕಿತ್ತ ಜೇಬು, ಸುಟ್ಟ ಅಂಚು, ಎಲ್ಲ ಅಲ್ಲಿಗೇ ಬರಬೇಕು. ಇಪ್ಪತ್ತೆರಡು ವರ್ಷ ಅವಳು ಆ ಕೋಣೆಯಲ್ಲಿ ಕೂತಳು. ಕೋಣೆಯಲ್ಲಿ ಸದಾ ಹೊಗೆಯ ವಾಸನೆ. ಆ ವಾಸನೆ ಅವಳಿಗೆ ಗಂಡನ ವಾಸನೆ, ಹಾಗಾಗಿ ಇಷ್ಟವೇ ಇತ್ತು.

ಬೆಂಕಿ ಕೋಟು ಅಂದರೆ ಮೂರು ಪದರ. ಹೊರಗಿನದು ಶಾಖ ತಡೆಯುವ ದಪ್ಪ ಬಟ್ಟೆ, ಒಳಗಿನದು ಮೈಗೆ ತಾಗುವ ಮೆತ್ತನೆಯ ಬಟ್ಟೆ, ನಡುವಿನದು ನೀರು ಒಳಗೆ ಬಿಡದ ತೆಳು ಹಾಳೆಯಂಥದ್ದು. ಆ ನಡುವಿನ ಪದರವನ್ನು ಹಾಕಿಕೊಳ್ಳುವವರು ಯಾರೂ ನೋಡಿರುವುದಿಲ್ಲ. ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕುವವಳು ಇವಳೊಬ್ಬಳೇ. ಹಳೆಯ ಕೋಟುಗಳಲ್ಲಿ ಆ ಪದರ ಸಿಪ್ಪೆ ಏಳುತ್ತಿತ್ತು. ಬೆರಳಿಗೆ ಬಿಳಿಯ ಪುಡಿ ಹತ್ತುತ್ತಿತ್ತು. ಇವಳು ಸೆರಗಿಗೆ ಒರೆಸಿಕೊಂಡು ಮುಂದಿನ ಕೋಟು ಎತ್ತಿಕೊಳ್ಳುತ್ತಿದ್ದಳು.

ವರ್ಷಕ್ಕೊಮ್ಮೆ ಕೋಟಿನ ಕಂಪನಿಯಿಂದ ಒಬ್ಬ ಬರುತ್ತಿದ್ದ. ಇಸ್ತ್ರಿ ಮುರಿಯದ ಶರಟು, ಬೆಣ್ಣೆಯಂಥ ಮಾತು. ಪ್ರತಿ ಮಾತಿಗೂ "ನೋಡಿ ನೋಡಿ" ಅನ್ನುವ ಚಾಳಿ ಅವನದು, ಅದಕ್ಕೇ ಠಾಣೆಯವರು ನೋಡ್ನೋಡಿ ಎಂದು ಹೆಸರಿಟ್ಟಿದ್ದರು. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ಕೋಟಿನ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಿದ್ದ. ಒಂದು ಹನಿ ನಿಲ್ಲದೆ ಉರುಳಿ ಹೋಗುತ್ತಿತ್ತು. "ನೋಡಿ ನೋಡಿ, ನಿಮ್ಮ ಜೀವದ ಮೇಲೆ ಎಷ್ಟು ಕಾಳಜಿ ನಮಗೆ!" ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಸೂಜಿ ಅಕ್ಕನೂ ತಟ್ಟಿದ್ದಾಳೆ, ಥೂ, ಆ ಕೈಗಳನ್ನು ಏನು ಮಾಡಬೇಕೋ ಎಂದು ಆಮೇಲೆ ಅವಳೇ ಬೈದುಕೊಂಡಿದ್ದಳು.

ಅವನು ಒಂದು ವರ್ಷ ಹೊಸ ರೂಲು ತಂದ. ಹತ್ತು ವರ್ಷ ತುಂಬಿದ ಕೋಟನ್ನು ಕಡ್ಡಾಯವಾಗಿ ತೆಗೆದುಹಾಕಬೇಕು. ಯಾಕೆಂದು ಯಾರೋ ಕೇಳಿದರು.

"ಹೊಲಿಗೆ ಸಡಿಲ ಆಗತ್ತೆ, ನೋಡಿ ನೋಡಿ. ಹತ್ತು ವರ್ಷ ಆದ್ಮೇಲೆ ಯಾವ ಹೊಲಿಗೇನೂ ನಂಬೋ ಹಾಗಿಲ್ಲ."

ಆ ರೂಲಿನ ಪುಸ್ತಕದಲ್ಲೂ ಅದೇ ಕಾರಣ ಅಚ್ಚಾಗಿತ್ತು. ಸೂಜಿ ಅಕ್ಕನ ಮೈ ಉರಿದುಹೋಯಿತು. ಅವಳ ಹೊಲಿಗೆ ಸಡಿಲವಾಗುತ್ತದಂತೆ! ಅವಳು ಎರಡು ಸಲ ದಾರ ಓಡಿಸಿದ ತೋಳನ್ನು ಇಬ್ಬರು ಗಂಡಸರು ಎರಡೂ ಕಡೆಯಿಂದ ಎಳೆದರೂ ಬಟ್ಟೆ ಹರಿದೀತು, ಹೊಲಿಗೆ ಬಿಡಲಾರದು. ಅವತ್ತಿನಿಂದ ಆ ರೂಲಿನ ಮೇಲೆ ಅವಳಿಗೆ ಕಾಸಿನ ಗೌರವ ಉಳಿಯಲಿಲ್ಲ. ಇಲ್ಲಿಂದಲೇ ಶುರುವಾಗಿದ್ದು ಎಲ್ಲ.

ಏಣಿಯ ಕೋಟಿಗೆ ಹತ್ತು ವರ್ಷ ತುಂಬುತ್ತಾ ಬಂತು. ಗೋದಾಮೊಂದರ ಮಾಡು ಕುಸಿದಾಗ ಅದೇ ಕೋಟಿನಲ್ಲಿ ಅವನು ಇಬ್ಬರನ್ನು ಎಳೆದುಕೊಂಡು ಹೊರಗೆ ಬಂದಿದ್ದ. ಅದು ಅವನ ಮೈಗೆ ಒಗ್ಗಿತ್ತು. ಹೊಸ ಕೋಟು ಹಾಕಿ ನೋಡಿದ, ಹಲಗೆ ಕಟ್ಟಿಕೊಂಡಂತೆ ಕೈ ಎತ್ತಲೂ ಆಗಲಿಲ್ಲ. ಊಟಕ್ಕೆ ಕೂತಾಗ ಮುಖ ಇಳಿಬಿಟ್ಟುಕೊಂಡು, "ಇದನ್ನ ಬಿಟ್ಟು ಬೇರೇದು ಹಾಕೋಕೆ ನನಗೆ ಮನಸ್ಸಿಲ್ಲ ಕಣೇ" ಅಂದ.

"ಬಿಡಿ ಅಂದವರ್ಯಾರು?" ಅಂದಳು ಇವಳು.

ಆ ವಾರವೇ ಒಂದು ಕೋಟು ಅವಳ ಕೋಣೆಗೆ ಬಂದಿತ್ತು. ಬರೀ ಐದು ವರ್ಷದ್ದು, ಆದರೆ ಬೆನ್ನು ಪೂರ್ತಿ ಸುಟ್ಟಿತ್ತು. ಅವಳು ಅದರ ಕಾಲರಿನಲ್ಲಿ ತಯಾರಾದ ವರ್ಷ ಬರೆದಿದ್ದ ಲೇಬಲ್ಲನ್ನು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆದಳು. ಗಂಡನ ಕೋಟಿನ ಲೇಬಲ್ಲನ್ನೂ ತೆಗೆದಳು. ಅದನ್ನು ಇದಕ್ಕೆ, ಇದನ್ನು ಅದಕ್ಕೆ, ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಹೊಲಿದಳು. ಸುಟ್ಟ ಕೋಟು ಏಣಿಯ ಹಳೆಯ ಕೋಟೆಂದು ರಿಜಿಸ್ಟರಿನಲ್ಲಿ ಹೋಯಿತು. ಹತ್ತು ವರ್ಷದ ಕೋಟು ಒಂದೇ ಮಧ್ಯಾಹ್ನದಲ್ಲಿ ಐದು ವರ್ಷದ್ದಾಯಿತು. ಭೂತಗನ್ನಡಿ ಹಿಡಿದು ನೋಡಿದರೂ ಗೊತ್ತಾಗುವಂತಿರಲಿಲ್ಲ. ಆ ಕೆಲಸದ ಬಗ್ಗೆ ಅವಳಿಗೆ ಎಷ್ಟು ಜಂಭವಿತ್ತೆಂದರೆ, ಯಾರಿಗೂ ಹೇಳುವಂತಿಲ್ಲವಲ್ಲ ಎಂಬುದೇ ಅವಳ ಸಂಕಟವಾಗಿತ್ತು. ಏಣಿ ಮಾತ್ರ ಕಾಲರು ಸವರಿ, "ಕಳ್ಳಿ" ಎಂದು ಕಿವಿ ಹಿಂಡಿದ.

ಅವನು ಅದೇ ಕೋಟನ್ನು ಇನ್ನೂ ನಾಲ್ಕು ವರ್ಷ ಹಾಕಿದ. ಹದಿನಾಲ್ಕನೇ ವರ್ಷ ಮೂತ್ರದಲ್ಲಿ ರಕ್ತ ಕಂಡಿತು. ಮೂತ್ರಪಿಂಡದ ಕ್ಯಾನ್ಸರು. ಏಣಿ ಹತ್ತುವವನು ಆಸ್ಪತ್ರೆಯ ಮಂಚ ಹತ್ತಲೂ ತಮ್ಮನ ಹೆಗಲು ಹಿಡಿಯಬೇಕಾಯಿತು. ಹನ್ನೊಂದು ತಿಂಗಳು ನರಳಿ ಹೋದ. ಅದೇ ಠಾಣೆಯಲ್ಲಿ ಅವನಿಗೂ ಮೊದಲು ಇಬ್ಬರು ಕ್ಯಾನ್ಸರಿನಲ್ಲೇ ಹೋಗಿದ್ದರು. ಹೊಗೆ ಕುಡಿಯುವ ಕೆಲಸ, ಏನು ಮಾಡೋದು ಎಂದು ಎಲ್ಲರೂ ಹಣೆಬರಹಕ್ಕೆ ಬಿಟ್ಟರು. ಸೂಜಿ ಅಕ್ಕನೂ ಬಿಟ್ಟಿದ್ದಳು. ಹಣೆಬರಹದ ಮೇಲೆ ಹಗೆ ಸಾಧಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಆಗ ಬಂದವರು ಕಾಲೇಜಿನ ಕೆಮಿಸ್ಟ್ರಿ ಮೇಡಂ. ಗಿಡ್ಡ ಕೂದಲು, ಮಾಸಿದ ಚೀಲ, ನೇರ ಮಾತು. ಒಂದೇ ಠಾಣೆಯ ಮೂರು ಸಾವಿನ ಸುದ್ದಿ ತಿಳಿದು, ಹಳೆಯ ಕೋಟುಗಳ ತುಂಡು ಬೇಕೆಂದು ಕೇಳಿ ಒಯ್ದರು. ಒಂದೂವರೆ ತಿಂಗಳ ಮೇಲೆ ವಾಪಸು ಬಂದು ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂತರು.

"ಅಕ್ಕ, ನಡುವಿನ ಪದರಕ್ಕೆ ನೀರು ಅಂಟದ ಹಾಗೆ ಒಂದು ರಾಸಾಯನಿಕ ಹಾಕ್ತಾರೆ. ಅದು ಮೈಯೊಳಗೆ ಸೇರಿದ್ರೆ ಬೇಗ ಹೊರಗೆ ಹೋಗಲ್ಲ. ವರ್ಷಗಟ್ಟಲೆ ಕೂತಿರತ್ತೆ. ಬೆವರಿದ ಮೈಗೆ ಇನ್ನೂ ಬೇಗ ಅಂಟತ್ತೆ. ನಿಮ್ಮ ಯಜಮಾನರ ಕೋಟಿಂದ ಉದುರಿದಷ್ಟು ಬೇರೆ ಯಾವುದರಿಂದಲೂ ಉದುರಿಲ್ಲ. ಲೇಬಲ್ ಪ್ರಕಾರ ಒಂಬತ್ತು ವರ್ಷ ಹಾಕಿದ ಕೋಟಿಗೆ ಇದು ಜಾಸ್ತಿ ಆಯ್ತು, ನನಗೇ ಅರ್ಥ ಆಗ್ತಿಲ್ಲ."

ಸೂಜಿ ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಲೇಬಲ್ಲಿನ ವಿಷಯವನ್ನು ಮೇಡಂನಿಂದ ಮುಚ್ಚಿಟ್ಟಳು. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಎದ್ದಾಗ ಅವಳಿಗೆ ಹಗೆ ಸಾಧಿಸಲು ಒಂದು ಮುಖ ಸಿಕ್ಕಿತ್ತು, ಇಸ್ತ್ರಿ ಮುರಿಯದ ಶರಟಿನ ಮುಖ. ಅದರ ಹಿಂದೆ ಇನ್ನೊಂದು ಮುಖವೂ ಇತ್ತು. ಅದನ್ನು ಅವಳು ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದಳು.

ಆ ರಾಸಾಯನಿಕವನ್ನು ಬೆಂಕಿ ಕೋಟುಗಳಲ್ಲಿ ನಿಷೇಧಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ಒಂದು ಸಮಿತಿ ಮಾಡಿತು. ಮೊದಲ ಸಭೆಯಲ್ಲಿ ನೋಡ್ನೋಡಿ ಪ್ರಮಾಣ ಮಾಡಿ ಹೇಳಿದ: "ನಮ್ಮ ಪದರದಿಂದ ಏನೂ ಉದುರಲ್ಲ. ಹೊಸದಿರಲಿ, ಹಳೇದಿರಲಿ, ಒಂದು ಕಣವೂ ಉದುರಲ್ಲ. ಉದುರತ್ತೆ ಅನ್ನೋಕೆ ನಮ್ಮ ಹತ್ರ ಯಾವ ಪುರಾವೆಯೂ ಇಲ್ಲ." ಮೇಡಂ ಏಣಿಯ ಕೋಟಿನ ಪರೀಕ್ಷೆಯ ಕಾಗದ ಮುಂದಿಟ್ಟರು. ಕಂಪನಿಯವರು ತಾವೂ ಪರೀಕ್ಷಿಸಬೇಕೆಂದು ತುಂಡು ಕೇಳಿ ಪಡೆದರು. ಎರಡನೇ ಸಭೆಗೆ ತಿಂಗಳು ದಿನ ಕೊಟ್ಟರು. ಅಷ್ಟರವರೆಗೂ ಮೈದುನ ಅಂಥದ್ದೇ ಕೋಟು ಹಾಕಿಕೊಂಡು ಬೆಂಕಿಗೆ ಹೋಗುತ್ತಿದ್ದ. ನಲವತ್ತೈದರ ಪ್ರಾಯ, ಅಣ್ಣನದೇ ಮೂಗು, ಅಣ್ಣನದೇ ನಡಿಗೆ. ಅವನು ಪ್ರತಿ ಸಲ ಕೋಟು ತೊಡುವಾಗ ಸೂಜಿ ಅಕ್ಕ ಕಿಟಕಿಯಿಂದ ನೋಡಿ ಹಲ್ಲು ಕಚ್ಚುತ್ತಿದ್ದಳು.

ಸಭೆಗೆ ಒಂದು ವಾರವಿದ್ದಾಗ ನೋಡ್ನೋಡಿ ಅವಳ ಕೋಣೆಗೇ ಬಂದ. ಒಬ್ಬನೇ ಬಂದ. ಬಾಗಿಲು ಮುಂದೆ ಮಾಡಿ ಕೂತ.

"ಅಕ್ಕ, ಬಳಸಿ ಮಾತಾಡೋದು ಬೇಡ. ಆ ಕೋಟು ಒಂಬತ್ತು ವರ್ಷದ್ದಲ್ಲ."

ಅವಳು ಮಷಿನ್ನಿನ ಚಕ್ರ ನಿಲ್ಲಿಸಿದಳು.

"ಲೇಬಲ್ ಇದ್ಯಲ್ಲ ಸ್ವಾಮಿ."

"ಲೇಬಲ್ ಚೆನ್ನಾಗಿ ಹೊಲಿದಿದ್ದೀರಿ, ಶಭಾಷ್. ಆದ್ರೆ ನೋಡಿ ನೋಡಿ, ಒಂಬತ್ತು ವರ್ಷಕ್ಕೆ ಇಷ್ಟು ಉದುರೋದೇ ಇಲ್ಲ. ಹದಿನಾಲ್ಕು ಆಗಿರ್ಬೇಕು. ಯಾವ ವರ್ಷಕ್ಕೆ ಎಷ್ಟು ಉದುರತ್ತೆ ಅಂತ ನಮ್ಮ ಲ್ಯಾಬಿನಲ್ಲಿ ಪಟ್ಟಿ ಇದೆ. ನಿನ್ನೆ ಮೊನ್ನೆ ಮಾಡಿದ್ದಲ್ಲ ಅದು, ತಪ್ಪೋ ಮಾತೇ ಇಲ್ಲ. ಸರ್ಕಾರಿ ಲೇಬಲ್ ಬದಲಾಯಿಸೋದು ಅಪರಾಧ. ಕೆಲಸ ಹೋಗತ್ತೆ, ಪಿಂಚಣಿ ಹೋಗತ್ತೆ, ಸತ್ತವರ ಹೆಸರೂ ಕೆಡತ್ತೆ. ಕೋಟನ್ನ ಸುಮ್ಮನೆ ವಾಪಸ್ ತಗೊಳ್ಳಿ. ನಾನೂ ಮರೀತೀನಿ."

ಅವನು ಇಷ್ಟೆಲ್ಲ ಹೇಳುವಾಗ ಸೂಜಿ ಅಕ್ಕ ತಲೆ ತಗ್ಗಿಸಿಕೊಂಡಿದ್ದಳು. ಹೆದರಿದ್ದಾಳೆ ಎಂದು ಅವನು ತಿಳಿದ. ಹೆದರಿದ್ದಳು ನಿಜ. ಆದರೆ ಹೆದರಿಕೆಯ ನಡುವೆಯೇ ಅವಳ ಕಿವಿ ಒಂದು ಮಾತನ್ನು ಗಬಕ್ಕನೆ ಹಿಡಿದುಕೊಂಡಿತ್ತು. ಒಂದು ಕಣವೂ ಉದುರುವುದಿಲ್ಲ ಎಂದು ಪ್ರಮಾಣ ಮಾಡಿದವನ ಬಳಿ, ಯಾವ ವರ್ಷಕ್ಕೆ ಎಷ್ಟು ಉದುರುತ್ತದೆಂಬ ಪಟ್ಟಿಯಿದೆ. ಅಯ್ಯೋ ಪಾಪಿ! ಇವರಿಗೆ ಗೊತ್ತಿತ್ತು.

ತಕ್ಷಣ ಹೊರಗೆ ಓಡಿ ಕೂಗಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಕೂಗಿದರೆ ಆಗುವುದೇನು? ಇವನು ನಾನು ಹಾಗೆ ಹೇಳೇ ಇಲ್ಲ ಅನ್ನುತ್ತಾನೆ, ಪಟ್ಟಿ ಒಲೆ ಸೇರುತ್ತದೆ. ಪಟ್ಟಿ ಹೊರಗೆ ಬರಬೇಕು. ಅವನ ಕೈಯಿಂದಲೇ ಬರಬೇಕು, ನಾಲ್ಕು ಜನರೆದುರು ಬರಬೇಕು. ಅದಕ್ಕೊಂದೇ ದಾರಿಯಿತ್ತು, ಆ ದಾರಿಯಲ್ಲಿ ಮೊದಲು ಬೀಳುವ ತಲೆ ಇವಳದು.

"ಬೆದರಿಸೋಕೆ ಬಂದ್ರಾ?" ಎಂದಳು ತಲೆಯೆತ್ತಿ. "ಕೋಟು ಒಂಬತ್ತೇ ವರ್ಷದ್ದು. ಹೊಲಿಗೆಯವಳು ನಾನು, ನನಗೆ ಬಟ್ಟೆ ಲೆಕ್ಕ ಹೇಳಿಕೊಡ್ತೀರಾ? ಹೋಗಿ ಸ್ವಾಮಿ, ಬಾಯಿ ಮಾತಿಗೆ ಯಾರು ಹೆದರ್ತಾರೆ? ತಾಕತ್ತಿದ್ರೆ ಸಭೇಲಿ ತೋರ್ಸಿ!"

ಅವನ ಬೆಣ್ಣೆ ಮುಖ ಕರಗಿ ಕೆಳಗಿನ ಎಲುಬು ಕಂಡಿತು. "ನಿಮ್ಮ ಗ್ರಹಚಾರ" ಎಂದು ಎದ್ದುಹೋದ.

ಆ ವಾರ ಸೂಜಿ ಅಕ್ಕ ಮನೆಯನ್ನು ಒಪ್ಪ ಮಾಡಿದಳು. ಅರ್ಧಕ್ಕೆ ನಿಂತಿದ್ದ ಹದಿನೇಳು ರಿಪೇರಿ ಮುಗಿಸಿದಳು, ಎರಡೂ ಮಷಿನ್ನಿಗೆ ಎಣ್ಣೆ ಬಿಟ್ಟಳು. ಮೈದುನ ಬಂದು, "ಅತ್ತಿಗೆ, ಎಲ್ಲಿಗಾದ್ರೂ ಹೊರಟಿದ್ದೀರಾ?" ಎಂದು ತಮಾಷೆ ಮಾಡಿದ. "ಹೌದಪ್ಪ, ಒಬ್ಬನನ್ನ ಕರ್ಕೊಂಡು ಹಳ್ಳಕ್ಕೆ ಬೀಳೋಕೆ" ಅಂದಳು. ಅವನು ನಕ್ಕ. ಅವನಿಗೆ ಲೇಬಲ್ಲಿನ ವಿಷಯ ಹೇಳಬೇಕೆಂದು ಅವಳು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಆಗಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ತುದಿಗೆ ದಪ್ಪ ಕನ್ನಡಕದ ಅಧ್ಯಕ್ಷೆ. ಒಂದು ಕಡೆ ನೋಡ್ನೋಡಿ ಮತ್ತು ಅವನ ವಕೀಲ, ಇನ್ನೊಂದು ಕಡೆ ಮೇಡಂ, ಸೂಜಿ ಅಕ್ಕ, ಹಿಂದಿನ ಸಾಲಿನಲ್ಲಿ ಮೈದುನ ಮತ್ತು ಠಾಣೆಯವರು. ಏಣಿಯ ಕೋಟು ಮೇಜಿನ ಮೇಲೆ ಕೈ ಚಾಚಿಕೊಂಡು ಮಲಗಿತ್ತು. ಸೂಜಿ ಅಕ್ಕ ಎದ್ದು ನಿಂತು ಕಾಲರು ಮಡಚಿ ತೋರಿಸಿದಳು.

"ಲೇಬಲ್ ಓದಿ ತಾಯಿ. ನಮ್ಮ ಯಜಮಾನರು ಕೊನೇ ಸಲ ಹಾಕ್ಕೊಂಡಾಗ ಇದರ ಪ್ರಕಾರ ಒಂಬತ್ತು ವರ್ಷ. ಕಂಪನಿಯವರೇ ಹತ್ತು ವರ್ಷದ ಗ್ಯಾರಂಟಿ ಕೊಟ್ಟಿದ್ದಾರೆ. ಗ್ಯಾರಂಟಿ ಒಳಗೇ ಇಷ್ಟು ವಿಷ ಉದುರತ್ತೆ ಅಂದ್ರೆ, ಇವತ್ತು ಠಾಣೆಗಳಲ್ಲಿರೋ ಒಂದೊಂದು ಕೋಟನ್ನೂ ಇವತ್ತೇ ತೆಗೀಬೇಕು. ತೆಗೆಸಿ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ನೋಡ್ನೋಡಿಯ ಕಡೆ ತಿರುಗಿದರು. "ಇದಕ್ಕೇನು ಹೇಳ್ತೀರಿ? ಲೇಬಲ್ ಪ್ರಕಾರ ಹೌದಲ್ಲ?"

ಈಗ ಅವನು ಇಕ್ಕಟ್ಟಿಗೆ ಸಿಕ್ಕಿದ. ಸುಮ್ಮನಿದ್ದರೆ ಎಲ್ಲ ಕೋಟೂ ಹೋಗುತ್ತದೆ. ವಕೀಲ ಅವನ ತೋಳು ಜಗ್ಗಿ ಕಿವಿಯಲ್ಲಿ ಏನೋ ಹೇಳಿದ, ಬೇಡ ಎಂದೇ ಹೇಳಿರಬೇಕು. ಆದರೆ ಸೂಜಿ ಅಕ್ಕ ಅವನ ಮುಖವನ್ನೇ ನೋಡುತ್ತಾ ತುಟಿಯಂಚಿನಲ್ಲಿ ನಕ್ಕಳು. ಒಬ್ಬ ಹೊಲಿಗೆಯವಳು, ಅವನನ್ನು ನೋಡಿ, ನಕ್ಕಳು! ಅವನಿಗೆ ತಡೆಯಲಾಗಲಿಲ್ಲ. ಚೀಲ ತೆರೆದು ಕಾಗದ ಎಳೆದ.

"ಈ ಹೆಂಗಸು ಮೋಸ ಮಾಡಿದ್ದಾಳೆ! ಲೇಬಲ್ ಬದಲಾಯಿಸಿದ್ದಾಳೆ! ನೋಡಿ ನೋಡಿ, ನಮ್ಮ ಪಟ್ಟಿ ಇಲ್ಲಿದೆ. ಒಂಬತ್ತನೇ ವರ್ಷಕ್ಕೆ ಉದುರೋದು ಇಷ್ಟು, ಹದಿನಾಲ್ಕನೇ ವರ್ಷಕ್ಕೆ ಇಷ್ಟು. ಈ ಕೋಟಿನ ಲೆಕ್ಕ ಹದಿನಾಲ್ಕಕ್ಕೇ ಸರಿಯಾಗಿ ಕೂರತ್ತೆ. ಹತ್ತು ದಾಟಿದ್ಮೇಲೆ ಮೂರು ಪಟ್ಟು ಉದುರತ್ತೆ, ಅದಕ್ಕೇ ಹತ್ತು ವರ್ಷದ ರೂಲು ಮಾಡಿರೋದು ನಾವು!"

ಗಿಲೀಟು ಕಿತ್ತು ಬಂದಿತ್ತು. ವಕೀಲ ಕಣ್ಣು ಮುಚ್ಚಿಕೊಂಡ. ಮೇಡಂ ಕುರ್ಚಿಯಿಂದ ಅರ್ಧ ಎದ್ದಿದ್ದರು. ನೋಡ್ನೋಡಿಯೊಬ್ಬನಿಗೆ ತಾನು ಗೆದ್ದೆನೆಂದೇ ಇತ್ತು. ಸೂಜಿ ಅಕ್ಕ ಮೇಜಿಗೆ ಕೈಯೂರಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಹೌದು ತಾಯಿ. ಲೇಬಲ್ ನಾನೇ ಬದಲಾಯಿಸಿದ್ದು. ಕೋಟು ಹದಿನಾಲ್ಕು ವರ್ಷದ್ದು. ಇವರು ಹೇಳಿದ್ದು ಅಕ್ಷರಕ್ಷರ ನಿಜ, ಬರ್ಕೊಳ್ಳಿ. ಈಗ ಆ ಪಟ್ಟಿ ಮಾಡಿದ ತಾರೀಕು ಓದ್ಸಿ."

ನೋಡ್ನೋಡಿ ಕಾಗದ ಹಿಂದಕ್ಕೆ ಎಳೆದುಕೊಳ್ಳಲು ಹೋದ, ಅಷ್ಟರಲ್ಲಿ ಅಧ್ಯಕ್ಷೆಯ ಕೈ ಅದರ ಮೇಲೆ ಬಿದ್ದಿತ್ತು. ಅವರು ಗಟ್ಟಿಯಾಗಿ ಓದಿದರು. ಪಟ್ಟಿಗೆ ಹದಿನೆಂಟು ವರ್ಷ ವಯಸ್ಸಾಗಿತ್ತು. ಏಣಿಯ ಕೋಟಿಗೆ ಬಟ್ಟೆ ಕತ್ತರಿಸುವುದಕ್ಕೂ ಎರಡು ವರ್ಷ ಮೊದಲಿನದು. ಕೆಳಗೆ ಸಹಿ ಮಾಡಿದವರಲ್ಲಿ ಮೂರನೆಯ ಸಹಿ ನೋಡ್ನೋಡಿಯದು.

"ಹೋದ ತಿಂಗಳು ನೀವು ಇದೇ ಮೇಜಿನ ಮುಂದೆ ಪ್ರಮಾಣ ಮಾಡಿದ್ರಿ" ಎಂದರು ಅಧ್ಯಕ್ಷೆ, "ಒಂದು ಕಣವೂ ಉದುರಲ್ಲ ಅಂತ."

"ಅದು... ನೋಡಿ... ಅದು ಬೇರೆ ಸಂದರ್ಭ..."

"ಹೊಲಿಗೆ ಅಂತ ಬರೆದ್ರಲ್ಲೋ!" ಸೂಜಿ ಅಕ್ಕನ ದನಿ ಆಗ ಒಡೆಯಿತು. ಇಪ್ಪತ್ತೆರಡು ವರ್ಷದಲ್ಲಿ ಠಾಣೆಯವರು ಕೇಳದ ದನಿ. "ಪುಸ್ತಕದಲ್ಲಿ ಹೊಲಿಗೆ ಸಡಿಲ ಆಗತ್ತೆ ಅಂತ ಬರೆದ್ರಿ! ವಿಷ ಉದುರತ್ತೆ ಅಂತ ಒಂದು ಮಾತು ಬರೆದಿದ್ರೆ ನಾನೇ ಆ ಕೋಟನ್ನ ಅವತ್ತೇ ಒಲೆಗೆ ಹಾಕ್ತಿದ್ದೆ. ನನ್ನ ಹೊಲಿಗೆ ಮೇಲೆ ಹಾಕಿದ್ರಿ. ನನ್ನ ಕೈಯಾರೆ ಹೊಲಿಸಿದ್ರಿ ಅವರಿಗೆ."

ಅವಳು ಕೂತಳು. ಎದುರಿಗಿದ್ದವನ ಶರಟಿನ ಕಂಕುಳಲ್ಲಿ ಬೆವರು ಹರಡುವುದನ್ನು ಅವಳು ಕಣ್ಣು ತುಂಬ ನೋಡಿದಳು. ಸುಳ್ಳೇಕೆ, ಖುಷಿಯಾಯಿತು. ಹನ್ನೊಂದು ತಿಂಗಳು ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದವಳಿಗೆ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಹಿಂದಕ್ಕೆ ತಿರುಗಿದಾಗ ಮೈದುನನ ಕುರ್ಚಿ ಖಾಲಿಯಿತ್ತು.

ಆರು ವಾರದಲ್ಲಿ ನಿಯಮ ಬಂತು. ಆ ರಾಸಾಯನಿಕವಿರುವ ಪದರ ಹೊಸ ಕೋಟಿಗೆ ನಿಷೇಧ. ಹಳೆಯವನ್ನು ಹತ್ತು ವರ್ಷಕ್ಕಲ್ಲ, ಆರು ತಿಂಗಳೊಳಗೆ ತೆಗೆಯಬೇಕು. ಯಾವ ಕೋಟಿನಲ್ಲಿ ಏನಿದೆಯೆಂದು ಲೇಬಲ್ಲಿನಲ್ಲೇ ಬರೆಯಬೇಕು. ನೋಡ್ನೋಡಿಯ ಮೇಲೆ ಸುಳ್ಳು ಪ್ರಮಾಣದ ಕೇಸು ಬಿತ್ತು, ಕಂಪನಿ ಅವನು ಯಾರೋ ತಾವ್ಯಾರೋ ಎನ್ನುವಂತೆ ಕೈ ತೊಳೆದುಕೊಂಡಿತು. ಅವನು ಕೋರ್ಟಿನಲ್ಲಿ ಒಂದೇ ಮಾತು ಹಿಡಿದಿದ್ದ: ಪಟ್ಟಿಗೆ ಸಹಿ ಮಾಡಿದ್ದು ನಿಜ, ಅದರ ಅರ್ಥ ಗೊತ್ತಿರಲಿಲ್ಲ.

ಸೂಜಿ ಅಕ್ಕನ ಕೋಣೆಗೆ ಬೀಗ ಬಿತ್ತು, ಇಲಾಖೆ ವಿಚಾರಣೆ ಶುರುವಾಯಿತು. ಹೊಸ ಕೋಟು ತೊಟ್ಟ ಮೈದುನನನ್ನು ಅವಳು ರಸ್ತೆಯಲ್ಲಿ ದೂರದಿಂದ ನೋಡಿದಳು. ಅವನು ಅವಳ ಮನೆಯ ಕಡೆ ತಲೆ ಹಾಕಿರಲಿಲ್ಲ. ಅಣ್ಣನಿಗೆ ಆ ನಾಲ್ಕು ವರ್ಷ ಹೊಲಿದು ಕೊಟ್ಟವಳು ಅವಳೇ ತಾನೆ, ಅವನ ಸಿಟ್ಟಿನಲ್ಲಿ ತಪ್ಪೇನಿದೆ? ಪಟ್ಟಿಯ ಒಂದು ಪ್ರತಿಯನ್ನು ಅವಳು ಮೇಡಂ ಹತ್ತಿರ ಕೇಳಿ ತೆಗೆದುಕೊಂಡಿದ್ದಳು. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಆ ಸಾಲುಗಳನ್ನು ದಿನಾ ಓದುತ್ತಿದ್ದಳು. ಶತ್ರುವಿಗೆ ಏನು ಮಾಡಬೇಕೆಂದು ಅವಳಿಗೆ ಯಾವಾಗಲೂ ಹೊಳೆಯುತ್ತಿತ್ತು. ಕನ್ನಡಿಯ ಈ ಇನ್ನೊಬ್ಬಳಿಗೆ ಏನು ಮಾಡಬೇಕೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ವಿಚಾರಣೆಯ ದಿನ ಬೆಳಗ್ಗೆ ಬಾಗಿಲಲ್ಲಿ ಸ್ಕೂಟರಿನ ಸದ್ದಾಯಿತು. ಮೈದುನ. ಒಳಗೆ ಬರಲಿಲ್ಲ, ಮಾತಾಡಲಿಲ್ಲ, ಹಾರ್ನ್ ಒತ್ತಿದ. ಅವಳು ಹಿಂದೆ ಕೂತಳು. ಕಚೇರಿಯಲ್ಲಿ ಅವಳ ಕುರ್ಚಿಯ ಹಿಂದೆ ಗೋಡೆಗೆ ಒರಗಿ ನಿಂತ.

ವಿಚಾರಣಾಧಿಕಾರಿ ವಯಸ್ಸಾದವರು, ಏಣಿಯ ಜೊತೆ ಕೆಲಸ ಮಾಡಿದ್ದವರು. ಕಾಗದಗಳ ನಡುವೆ ಕಾರ್ಬನ್ ಇಟ್ಟು, ಪೆನ್ನನ್ನು ಅವಳ ಕಡೆ ತಳ್ಳಿ, ದನಿ ತಗ್ಗಿಸಿದರು.

"ನೋಡಮ್ಮ, ನಿನ್ನಿಂದ ಎಷ್ಟು ಜನಕ್ಕೆ ಒಳ್ಳೇದಾಗಿದೆ ಅಂತ ನಮಗೂ ಗೊತ್ತು. ಹತ್ತು ವರ್ಷದ ರೂಲು ನನಗೆ ಗೊತ್ತಿರಲಿಲ್ಲ, ರಿಪೇರಿ ಮಾಡುವಾಗ ಲೇಬಲ್ ಅದಲು ಬದಲಾಯ್ತು ಅಂತ ಎರಡು ಸಾಲು ಬರೆದುಬಿಡು. ಉಳಿದದ್ದು ನಾನು ನೋಡ್ಕೋತೀನಿ. ಪಿಂಚಣಿ ಉಳಿಯತ್ತೆ."

ಸೂಜಿ ಅಕ್ಕ ಪೆನ್ನು ಎತ್ತಿಕೊಂಡಳು. "ಇದರದ್ದೊಂದು ಪ್ರತಿ ಆ ಕಂಪನಿಯವನ ಕೇಸಿಗೂ ಹೋಗತ್ತಾ ಸಾರ್?"

"ಹೋಗತ್ತೆ, ಮೂರನೇ ಪ್ರತಿ. ಯಾಕೆ?"

"ಗೊತ್ತಿರಲಿಲ್ಲ ಅಂತ ಅವನು ಬರೆದಿದ್ದಾನೆ ಸಾರ್. ನಾನೂ ಅದನ್ನೇ ಬರೆದ್ರೆ ನಾವಿಬ್ಬರೂ ಒಂದೇ ಆಗ್ಹೋಗ್ತೀವಿ. ಯಾರಿಗೂ ಏನೂ ಗೊತ್ತಿರಲಿಲ್ಲ, ನಮ್ಮ ಯಜಮಾನರು ಸುಮ್ಮನೆ ಸತ್ತರು ಅಂತ ಆಗತ್ತೆ. ಆ ಮಾತು ಈ ಫೈಲಿನಲ್ಲಿ ಇರಕೂಡದು."

"ಹುಚ್ಚಿ ಆಡಿದ ಹಾಗೆ ಆಡ್ಬೇಡಮ್ಮ. ಮುಂದೆ ಜೀವನಕ್ಕೇನು ಮಾಡ್ತೀಯ?"

"ಹೊಲೀತೀನಿ."

ಅವಳು ಬರೆಯಲು ಶುರು ಮಾಡಿದಳು. ಹತ್ತು ವರ್ಷದ ರೂಲು ನನಗೆ ಗೊತ್ತಿತ್ತು. ಗೊತ್ತಿದ್ದೇ ಲೇಬಲ್ ಕಿತ್ತು ಹೊಲಿದೆ. ಅಷ್ಟು ಬರೆಯುವ ಹೊತ್ತಿಗೆ ಕೈ ಸೋತಿತು, ಅಕ್ಷರ ತೆಳ್ಳಗಾಗುತ್ತಾ ಹೋಯಿತು. ಹಿಂದಿನಿಂದ ಮೈದುನ ಬಂದು ಮೇಜಿನ ಮೇಲೆ ಬಾಗಿ, ಕಾಗದದ ತುದಿಯೆತ್ತಿ ಕೆಳಗಿನ ಪ್ರತಿಗಳನ್ನು ನೋಡಿದ.

"ಒತ್ತಿ ಬರೀರಿ ಅತ್ತಿಗೆ" ಅಂದ. "ಮೂರನೇದಕ್ಕೆ ಸರಿಯಾಗಿ ಮೂಡ್ತಿಲ್ಲ, ಅವನ ಕೇಸಿಗೆ ಹೋಗೋದು ಅದೇ."